ಮೂಡಲದಂಡೆಯ ಕಂಪನಿ

ಆ ಊರಿನ ಹೊಳೆ ವರ್ಷದಲ್ಲಿ ಕೆಲವು ತಿಂಗಳು ಬಡಗಣಕ್ಕೆ ಹರಿಯುತ್ತಿತ್ತು, ಉಳಿದ ತಿಂಗಳು ತೆಂಕಣಕ್ಕೆ. ನಾನು ಬಸ್ಸಿಳಿದ ದಿನ ಅದು ತೆಂಕಣಕ್ಕೆ ಹೊರಟಿತ್ತು. ಊರಿನವರು ಇದನ್ನು ಹೊಸಬರಿಗೆ ವಿವರಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಮಳೆ ಮೇಲಿನಿಂದ ಬೀಳುತ್ತದೆ ಎಂದು ಯಾರಾದರೂ ವಿವರಿಸುತ್ತಾರೆಯೇ? ಅಗಸರ ಬಂಡೆಗಳ ಎರಡೂ ಬದಿಗೆ ಗೂಟ ಹುಗಿದಿದ್ದರು. ಹಿಟ್ಟಿನ ಗಿರಣಿಯ ಚಕ್ರಕ್ಕೆ ಹೇಗೆ ನೀರು ಬಂದರೂ ತಿರುಗುವಂತೆ ಹಲಗೆ ಜೋಡಿಸಿದ್ದರು. ಒಗೆಯುವಾಗ ಕೈಜಾರಿ ಹೋದ ಸೀರೆಗಾಗಿ ಯಾರೂ ಹೆಚ್ಚು ಮರುಗುತ್ತಿರಲಿಲ್ಲ. ಹೊಳೆ ಹೊರಳಿದಾಗ ಎಷ್ಟೋ ಸಾಮಾನು ತಾನಾಗಿ ವಾಪಸು ಬರುತ್ತಿತ್ತು. ಗಂಡ ಹೆಂಡತಿ ಮಾತು ಬಿಟ್ಟರೆ, "ಹೊಳಿ ಹೊಳ್ಳಲಿ, ತಡಿ" ಎಂದು ಹಿರಿಯರು ಸಮಾಧಾನ ಹೇಳುತ್ತಿದ್ದರು.

ಸಮಾಧಾನಕ್ಕೆ ಬಗ್ಗದ್ದು ಮೆಣಸಿನಕಾಯಿ ಒಂದೇ. ಊರ ತುಂಬ ಅದೇ ಬೆಳೆ, ಎಲ್ಲರದೂ ತುಂಡು ತುಂಡು ಹೊಲ. ಘಟ್ಟದ ದಾರಿಗೆ ಬಸ್ಸು ಹೇಗೋ ಹತ್ತುತ್ತಿತ್ತು, ಸರಕಿನ ಲಾರಿ ಹತ್ತುತ್ತಿರಲಿಲ್ಲ. ಕಾಯಿ ಕೊಳ್ಳುವ ದೊಡ್ಡ ಪೇಟೆ ಇದ್ದದ್ದು ಬಡಗಣ ತುದಿಯಲ್ಲಿ. ಹೊಳೆ ಆ ಕಡೆಗೆ ಹರಿಯುತ್ತಿರುವಾಗ ಸಾಗಿಸಿದರೆ ಸಾಗಿಸಿದಂತೆ, ಹೊರಳಿತೆಂದರೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಕಾಯಿ ಬಣ್ಣ ಬಿಡುತ್ತದೆ. ದೋಣಿಗಳೂ ತಂಪು ಗೋದಾಮೂ ಇದ್ದದ್ದು ಗುರುಲಿಂಗಪ್ಪ ಸಾವ್ಕಾರ ಒಬ್ಬನ ಬಳಿ. ಅವನಿಗೆ ಕಾಯುವುದು ಗೊತ್ತಿತ್ತು. ಉಳಿದವರು ಅವನು ಹೇಳಿದ ದರಕ್ಕೆ ಚೀಲ ಇಳಿಸಿ ಮನೆಗೆ ಹೋಗುತ್ತಿದ್ದರು.

ನನ್ನ ಹೆಸರು ಕಸ್ತೂರಿ. ಸಣ್ಣ ರೈತರನ್ನು ಒಟ್ಟು ಸೇರಿಸಿ, ಕಾನೂನಿನ ಪ್ರಕಾರ ನೋಂದಾಯಿತ ಉತ್ಪಾದಕರ ಕಂಪನಿ ಕಟ್ಟಿಸಿ, ಅದನ್ನು ಅವರೇ ನಡೆಸುವಂತೆ ತರಬೇತಿ ಕೊಡುವುದು ನನ್ನ ಕೆಲಸ. ಕಟ್ಟಿಸುವುದು ಕಷ್ಟವಲ್ಲ. ಬೋರ್ಡು ಬರೆಸಿ, ತೆಂಗಿನಕಾಯಿ ಒಡೆದು, ಫೋಟೋ ತೆಗೆಸಿಕೊಂಡು ಬಂದ ಮೇಲೆ ಬೀಗ ಬಿದ್ದ ಕಂಪನಿಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಈ ಊರಿನಲ್ಲಿ ಹಾಗಾಗಬಾರದು ಎಂದು ಬಸ್ಸಿನಲ್ಲಿ ಕೂತಾಗಲೇ ನಿಶ್ಚಯಿಸಿಕೊಂಡಿದ್ದೆ.

ಮೊದಲ ದಿನ ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತರೆ ಬಂದವಳು ಒಬ್ಬಳೇ. ಐವತ್ತರ ಆಸುಪಾಸಿನ ಹೆಂಗಸು, ಹಣೆಯ ತುಂಬ ದೇವರ ಭಂಡಾರದ ಅರಿಶಿನ, ಸೊಂಟಕ್ಕೆ ಸೆರಗು ಬಿಗಿದಿದ್ದಳು. ಹೆಸರು ಹುಲಿಗೆವ್ವ. ಚಾಪೆಯ ಮೇಲೆ ಕೂರದೆ ನಿಂತೇ ಕೇಳಿದಳು.

"ಕಂಪನಿ ಮಾಡಾಕ ಬಂದೀರಂತ. ಕಂಪನಿ ಅಂದ್ರ ಯಾರದ್ರಿ ಅದು?"

"ನಿಮ್ಮದೇ," ಎಂದೆ.

"ನಮ್ಮದಾದ್ರ ಮಾಡಾಕ ನೀವ್ಯಾಕ ಬಂದ್ರಿ?"

ಇದಕ್ಕೆ ಸಿದ್ಧ ಉತ್ತರವೊಂದು ನನ್ನ ಬಳಿ ಇತ್ತು. ಅವಳ ಮುಖ ನೋಡಿ ಅದನ್ನು ಹೇಳುವ ಮನಸ್ಸಾಗಲಿಲ್ಲ. "ಈಜು ಕಲಿಸೋರು ದಂಡೆ ಮೇಲೆ ನಿಲ್ಲಬೇಕಲ್ಲ, ಅದಕ್ಕೆ," ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ದಂಡಿ ಮ್ಯಾಲ ನಿಂತ ಕಲಸೂದು ಆಗಂಗಿಲ್ಲ. ನಮ್ಮ ಹೊಳಿ ನಿಮಗ ಗೊತ್ತಿಲ್ಲ," ಎಂದು ಹೋದಳು. ಮರುದಿನ ಬಂದಾಗ ಅವಳ ಹಿಂದೆ ಇಪ್ಪತ್ತು ಮಂದಿ ಇದ್ದರು.

ಅವರಲ್ಲಿ ಅವಳ ತಮ್ಮ ದ್ಯಾಮಣ್ಣನೂ ಇದ್ದ. ಕಟ್ಟುಮಸ್ತಾದ ಆಳು, ನಗುಮುಖ, ಬಂದವರಲ್ಲಿ ಹೆಚ್ಚು ಹೊಲ ಇದ್ದವನು. ಪಕ್ಕದಲ್ಲಿ ನಬೀಸಾಬ ಕೂತಿದ್ದ. ಹೊಳೆಯ ಪಕ್ಕ ಸಣ್ಣ ತುಂಡು ಹೊಲ, ಜತೆಗೆ ಹಳೆಯದೊಂದು ದೊಡ್ಡ ದೋಣಿ. ಒಂದು ಬದಿಯ ಹಲಗೆ ಕಿತ್ತು ವರ್ಷಗಳಿಂದ ದಂಡೆಗೆ ಬಿದ್ದಿದ್ದ ಆ ದೋಣಿಯನ್ನು ಅವನು ಮಾರಲೂ ಇಲ್ಲ, ಸೌದೆ ಮಾಡಲೂ ಇಲ್ಲ.

ತರಬೇತಿಗೆ ನಾನು ಪುಸ್ತಕ ಬಿಚ್ಚಲಿಲ್ಲ. ಸುಳ್ಳುಸುಳ್ಳೇ ಒಂದು ಸಭೆ ನಡೆಸಿ ಎಂದೆ. ಸರದಿಯ ಮೇಲೆ ಒಬ್ಬೊಬ್ಬರು ಅಧ್ಯಕ್ಷರಾಗಬೇಕು, ಉಳಿದವರು ಜಗಳ ತೆಗೆಯಬೇಕು, ಅಧ್ಯಕ್ಷರಾದವರು ಕೂಗಾಡದೆ ಆ ಜಗಳವನ್ನು ಒಂದು ತೀರ್ಮಾನಕ್ಕೆ ತರಬೇಕು. ಜಗಳ ತೆಗೆಯುವುದಕ್ಕೆ ಅವರಿಗೆ ಕಲಿಸಬೇಕಾದ್ದೇನೂ ಇರಲಿಲ್ಲ. ತೀರ್ಮಾನಕ್ಕೆ ತರುವುದಕ್ಕೆ ಇಡೀ ಬೇಸಿಗೆ ಹಿಡಿಯಿತು. ಮೊದಮೊದಲು ಯಾರು ಅಧ್ಯಕ್ಷರಾದರೂ ಕೊನೆಗೆ ನನ್ನ ಮುಖ ನೋಡುತ್ತಿದ್ದರು. ನಾನು ಆಕಾಶ ನೋಡುತ್ತಿದ್ದೆ.

ಒಬ್ಬರಿಗೆ ಒಂದೇ ಮತ ಎಂದ ದಿನ ದ್ಯಾಮಣ್ಣ ಎದ್ದು ನಿಂತ. "ನಾಕ ಎಕರೆ ಇದ್ದ ನನಗೂ ಒಂದ ಓಟು, ಅರ್ಧ ಎಕರೆ ಇದ್ದವಗೂ ಒಂದ ಓಟು. ಇದ್ಯಾವ ನ್ಯಾಯರಿ?"

ನಬೀಸಾಬ ಬೀಡಿ ಬಾಯಿಂದ ತೆಗೆದ. "ದೋಣಿ ತೂತ ಬಿದ್ರ ನಾಕ ಎಕರೆದಾವ ತಡದ ಮುಳಗ್ತಾನೇನೋ ದ್ಯಾಮಾ?"

ಎಲ್ಲರೂ ನಕ್ಕರು, ದ್ಯಾಮಣ್ಣನೂ ನಕ್ಕು ಕೂತ. ಅವನಿಗೆ ಸಿಟ್ಟು ನಿಲ್ಲುತ್ತಿರಲಿಲ್ಲ; ಅದು ಅವನ ಒಳ್ಳೆಯ ಗುಣ. ನಿರ್ದೇಶಕರನ್ನು ಆರಿಸುವ ದಿನ ಅಧ್ಯಕ್ಷ ಸ್ಥಾನಕ್ಕೆ ಅಕ್ಕನ ಹೆಸರು ಹೇಳಿದವನೂ ಅವನೇ. "ಆಕಿ ಬಾಯಿಗೆ ಸಾವ್ಕಾರನೂ ಅಂಜತಾನ. ಮತ್ತ್ಯಾರದರ ಹೆಸರ ಹೇಳಿದ್ರ ಹಬ್ಬಕ್ಕ ಆಕಿ ಮನ್ಯಾಗ ನನಗ ಊಟ ಇಲ್ಲ," ಎಂದ.

ನೋಂದಣಿ ಸುಲಭವಾಗಿ ಆಗಲಿಲ್ಲ. ಕಾಗದ ಪತ್ರ ಎಲ್ಲ ಸರಿಯಾಗಿತ್ತು. ಆದರೆ ಪಟ್ಟಣದ ಕಚೇರಿಯಿಂದ ಅರ್ಜಿ ವಾಪಸು ಬಂತು: ಕಂಪನಿಯ ವಿಳಾಸ ಹೊಳೆಯ ಎಡದಂಡೆಯೋ ಬಲದಂಡೆಯೋ ಸ್ಪಷ್ಟಪಡಿಸಬೇಕು. ಹೊಳೆ ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತು ಎಡ ಬಲ ಹೇಳುವುದು ಎಲ್ಲ ಕಡೆಯ ಪದ್ಧತಿ. ನಮ್ಮ ಊರಿನಲ್ಲಿ ಅರ್ಜಿ ಬರೆದಾಗ ಎಡದಂಡೆಯಾಗಿದ್ದದ್ದು ಅರ್ಜಿ ತಲುಪುವಷ್ಟರಲ್ಲಿ ಬಲದಂಡೆಯಾಗಿತ್ತು. ಹುಲಿಗೆವ್ವನನ್ನು ಕರೆದುಕೊಂಡು ನಾನು ಪಟ್ಟಣಕ್ಕೆ ಹೋದೆ. ಗುಮಾಸ್ತರು ಸಭ್ಯ ಮನುಷ್ಯ. ಸಮಾಧಾನವಾಗಿ ಕೇಳಿಸಿಕೊಂಡು, "ತಾಯಿ, ವಿಳಾಸ ಅಂದಮೇಲೆ ಒಂದೇ ಕಡೆ ಇರಬೇಕು. ನನ್ನ ಕೈಲಿ ಏನಿದೆ?" ಎಂದರು.

"ನಮ್ಮ ಮನಿ ಎಲ್ಲೂ ಹೋಗೂದಿಲ್ಲರಿ, ಅಲ್ಲೇ ಐತಿ," ಎಂದಳು ಹುಲಿಗೆವ್ವ. "ನೀರ ಹೋಗತೈತಿ, ಬರತೈತಿ."

"ಕಾಲಂ ಖಾಲಿ ಬಿಡೋ ಹಾಗಿಲ್ಲ."

ನಾನು ನಿಯಮದ ಪುಸ್ತಕ ತೆಗೆದು ವಾದಕ್ಕೆ ನಿಂತೆ. ಅವರು ತಮ್ಮ ನಿಯಮದ ಪುಸ್ತಕ ತೆಗೆದರು. ಮಧ್ಯಾಹ್ನ ಊಟಕ್ಕೆ ಕಚೇರಿ ಮುಚ್ಚಿತು. ಹುಲಿಗೆವ್ವ ಮೆಟ್ಟಿಲ ಮೇಲೆ ಕೂತು ರೊಟ್ಟಿ ಬಿಚ್ಚಿದಳು. ನಾನು ಬೇರೆ ಊರಿನ ವಿಳಾಸ ಕೊಟ್ಟುಬಿಡೋಣವೇ ಎಂದೆ. ತೆಂಕಣದ ಪೇಟೆಯೊಂದರಲ್ಲಿ, ನನ್ನನ್ನು ಕಳಿಸಿದ್ದ ಸಂಸ್ಥೆಗೆ ಒಂದು ಕೋಣೆ ಇತ್ತು. ಅವಳು ಜಗಿಯುವುದನ್ನು ನಿಲ್ಲಿಸಿದಳು. "ನಮ್ಮ ಕಂಪನಿ ನಿಮ್ಮ ಕ್ವಾಣ್ಯಾಗ ಇರೂದಾದ್ರ ನಾ ಈಗ ಬಸ್ ಹತ್ತಿ ಮನಿಗೆ ಹೋಗ್ತೀನಿ. ಹೊಳ್ಳಿ ಬರಂಗಿಲ್ಲ." ಮತ್ತೊಂದು ತುತ್ತು ಮುರಿಯುತ್ತ ಅವಳೇ ಅಂದಳು. "ಹೊಳಿ ಹ್ಯಾಂಗರ ಹರೀಲಿ, ಹೊತ್ತ ಹುಟ್ಟೂದು ಒಂದ ಕಡೆ ಅಲ್ಲೇನ್ರಿ?"

ಕಚೇರಿ ತೆರೆದ ಮೇಲೆ ಎಡ ಬಲ ಹೊಡೆದುಹಾಕಿ 'ಮೂಡಲದಂಡೆ' ಎಂದು ಬರೆದೆವು. ಗುಮಾಸ್ತರು ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದು, ಆಗಬಹುದು ಎಂದರು. ಕಂಪನಿಗೂ ಅದೇ ಹೆಸರಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಹುಲಿಗೆವ್ವ ಪ್ರಮಾಣಪತ್ರವನ್ನು ಮಡಿಲಲ್ಲಿಟ್ಟುಕೊಂಡು, ಓದಲು ಬಾರದಿದ್ದರೂ, ಅದರ ಮೇಲಿನ ಮೊಹರನ್ನು ಹೆಬ್ಬೆರಳಿಂದ ಸವರುತ್ತ ಕೂತಿದ್ದಳು.

ಷೇರಿನ ಹಣದಲ್ಲಿ ಮೊದಲು ನಬೀಸಾಬನ ದೋಣಿಗೆ ಹಲಗೆ ಬಡಿಸಿದರು. ಅದು ನನ್ನ ಸಲಹೆಯಾಗಿರಲಿಲ್ಲ, ನಾನು ತೂಕದ ಯಂತ್ರ ಎಂದಿದ್ದೆ. ಆಮೇಲೆ ನಾನೂ ಹುಲಿಗೆವ್ವನೂ ಬಡಗಣ ಪೇಟೆಗೆ ಹೋಗಿ ಮಸಾಲೆ ಗಿರಣಿಯೊಂದನ್ನು ಮಾತಾಡಿಸಿ ಬಂದೆವು. ಗಿರಣಿಯ ಖರೀದಿಯವನು ನೇರ ಮನುಷ್ಯ. ಸಾವ್ಕಾರನ ದರಕ್ಕಿಂತ ಚೆನ್ನಾಗಿಯೇ ಕೊಡುತ್ತೇನೆ ಎಂದ, ಎರಡು ಷರತ್ತು ಹಾಕಿದ. ತಂದರೆ ದೋಣಿ ತುಂಬ ತರಬೇಕು. ಅರ್ಧ ಸರಕಿಗೆ ತಾನು ಯಂತ್ರ ಹೂಡುವುದಿಲ್ಲ. ಎರಡನೆಯದು, ಒಂದು ಚೀಲದಲ್ಲಿ ನೀರು ಸಿಕ್ಕಿದರೂ ಇಡೀ ದೋಣಿ ವಾಪಸು.

ನೀರಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಒಣಗಿದ ಕಾಯಿಗೆ ಒಂದಿಷ್ಟು ನೀರು ಚಿಮುಕಿಸಿದರೆ ಚೀಲ ತೂಗುತ್ತದೆ. ಸಾವ್ಕಾರ ತಕ್ಕಡಿಯಲ್ಲಿ ಹೊಡೆಯುತ್ತಾನೆ, ನಾವು ನೀರಿನಲ್ಲಿ ಹೊಡೆಯುತ್ತೇವೆ ಎಂದು ಊರಿನಲ್ಲಿ ಯಾರೂ ಅದನ್ನು ತಪ್ಪೆಂದು ಎಣಿಸಿರಲಿಲ್ಲ. ಈಗ ಸದಸ್ಯರು ಒಣಗುಕಣದಲ್ಲಿ ಸಭೆ ಸೇರಿದರು. ಸುತ್ತ ಕೆಂಪಗೆ ಹರವಿದ ಕಾಯಿ, ಮಾತಿನ ನಡುನಡುವೆ ಸೀನು. ನೀರು ಹೊಡೆದವರ ಚೀಲ ದೋಣಿ ಹತ್ತಬಾರದು, ಆ ಸುಗ್ಗಿಯಲ್ಲಿ ಅವರ ಸರಕನ್ನು ಕಂಪನಿ ಮುಟ್ಟಬಾರದು ಎಂದು ಠರಾವು ಮಾಡಿದರು. ಎಲ್ಲರ ಕೈ ಮೇಲೆ ಹೋಯಿತು, ದ್ಯಾಮಣ್ಣನದೂ.

ಹೊಳೆ ಬಡಗಣಕ್ಕೆ ಹರಿಯುತ್ತಿತ್ತು. ಮೋಡ ಕವಿದು ಕಾಯಿ ಒಣಗುವುದು ತಡವಾಯಿತು. ಸಾವ್ಕಾರ ತನ್ನ ದರ ಏರಿಸಿದ, ಮತ್ತೆ ಏರಿಸಿದ. ಕೆಲವರು ಮುಖ ಮರೆಸಿಕೊಂಡು ಅವನ ಗೋದಾಮಿಗೆ ಚೀಲ ಇಳಿಸಿ ಬಂದರು. ಉಳಿದವರು ದಿನಾ ಬೆಳಗ್ಗೆ ಲೆಕ್ಕ ಹಾಕುತ್ತಿದ್ದರು: ಇಷ್ಟರಲ್ಲಿ ದೋಣಿ ತುಂಬುತ್ತದೆಯೋ ಇಲ್ಲವೋ. ತುಂಬುತ್ತದೆ ಎಂದು ಖಾತ್ರಿಯಾದ ಹೊತ್ತಿಗೆ ಒಂದು ಬೆಳಗ್ಗೆ ನಬೀಸಾಬ ಮೊಣಕಾಲಿನ ತನಕ ನೀರಿಗಿಳಿದು ಬಹಳ ಹೊತ್ತು ನಿಂತು ಬಂದ. "ಕಾಲಾಗ ಜೀವ ಇಲ್ಲ ಹೊಳಿಗೆ. ನಾಳಿ ಹೊತ್ತ ಮುಳಗೂದ್ರಾಗ ನಿಂತಬಿಡ್ತೈತಿ. ನಾಡಿದ್ದ ಹೊಳ್ಳತೈತಿ. ಹೋಗೂದಿದ್ರ ನಾಳಿ ನಸಕಿನ್ಯಾಗ ಹೋಗಬೇಕ," ಎಂದ.

ಆ ದಿನವೇ ಚೀಲಗಳೆಲ್ಲ ದೋಣಿ ಕಟ್ಟುವ ಘಟ್ಟೆಗೆ ಬಂದವು. ಹುಲಿಗೆವ್ವ ಒಂದೊಂದು ಚೀಲದ ಬಾಯಿ ಬಿಚ್ಚಿಸಿ, ತಳದವರೆಗೆ ಕೈ ಹಾಕಿ, ಒಂದು ಹಿಡಿ ಕಾಯಿ ಕಿವಿಯ ಹತ್ತಿರ ಅಲುಗಿಸುತ್ತಿದ್ದಳು. ಚೆನ್ನಾಗಿ ಒಣಗಿದ ಕಾಯಿಯೊಳಗೆ ಬೀಜ ಗಲಗಲ ಅನ್ನುತ್ತದೆ. ಚೀಲದ ಮೇಲೆ ಚೀಲ ಗಲಗಲ ಅಂದಿತು. ಜನ ಉಸಿರು ಬಿಡುತ್ತಿದ್ದರು. ದ್ಯಾಮಣ್ಣನ ಚೀಲಗಳು ಸಾಲಾಗಿ ನಿಂತಿದ್ದವು, ಎಲ್ಲರದಕ್ಕಿಂತ ಹೆಚ್ಚು. ಮೊದಲನೆಯದರಲ್ಲಿ ಕೈ ಹಾಕಿದ ಹುಲಿಗೆವ್ವ ಕಾಯಿಯನ್ನು ಕಿವಿಗೆ ಹಿಡಿದಳು. ಮತ್ತೊಂದು ಕಿವಿಗೆ ಹಿಡಿದಳು. ಆಮೇಲೆ ಒಂದು ಕಾಯಿಯನ್ನು ಎರಡು ಬೆರಳಲ್ಲಿ ಮಡಚಿದಳು. ಅದು ಮುರಿಯಲಿಲ್ಲ, ಚರ್ಮದಂತೆ ಬಾಗಿತು.

"ಏನೋ ಇದು?"

"ಮ್ವಾಡ ಬಿದ್ದಿತ್ತಲ್ಲಕ್ಕಾ, ತುಸು ಮೆತ್ತಗಾಗ್ಯಾವ."

ಅವಳು ಎರಡನೆಯ ಚೀಲ, ಮೂರನೆಯ ಚೀಲ ಬಿಚ್ಚಿದಳು. ತಳದಲ್ಲಿ ಗೋಣಿಯೇ ತೇವವಾಗಿತ್ತು. ದ್ಯಾಮಣ್ಣ ನಗಲು ನೋಡಿದ, ಆಗಲಿಲ್ಲ. "ಪ್ರತಿ ವರ್ಷ ಹೊಡಿಯೂದ ಐತಿ. ಕೈ ತಾನ ಹೋತು," ಎಂದ ಸಣ್ಣ ದನಿಯಲ್ಲಿ.

ಅವನ ಚೀಲ ಬಿಟ್ಟರೆ ದೋಣಿ ತುಂಬುತ್ತಿರಲಿಲ್ಲ. ದೋಣಿ ತುಂಬದಿದ್ದರೆ ಗಿರಣಿಯವನು ಮುಟ್ಟುತ್ತಿರಲಿಲ್ಲ. ಹೊಳೆ ಹೊರಳಿದರೆ ಎಲ್ಲರ ಕಾಯಿಯೂ ಸಾವ್ಕಾರನ ಗೋದಾಮಿಗೇ, ಅವನು ಹೇಳಿದ ದರಕ್ಕೇ. ತಳಕ್ಕೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಯಾರೋ ಅಂದರು. ಠರಾವು ಅಂದ್ರ ಠರಾವು ಎಂದರು ಮತ್ತ್ಯಾರೋ. ದನಿಗಳು ಏರಿದವು. ಗಿರಣಿಯವನಿಗೆ ಫೋನು ಮಾಡಿ ಅರ್ಧ ದೋಣಿಗೆ ಒಪ್ಪಿಸಿ ನೋಡೋಣ ಎನ್ನಲು ನಾನು ಬಾಯಿ ತೆರೆದೆ.

ಹುಲಿಗೆವ್ವ ನನ್ನತ್ತ ತಿರುಗಿದಳು. "ಬಾಯಾರ, ಇದು ಸದಸ್ಯರ ಸಭಾ. ನೀವು ಸದಸ್ಯರಲ್ಲ. ತುಸು ಆಚೀಕಡೆ ಕುಂದರ್ರಿ."

ಅವಳ ದನಿಯಲ್ಲಿ ಒರಟುತನವಿರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಘಟ್ಟೆಯ ಆ ತುದಿಯ ಕಲ್ಲಿನ ಮೇಲೆ ಹೋಗಿ ಕೂತೆ. ಅಲ್ಲಿಗೆ ಮಾತು ಕೇಳಿಸುತ್ತಿರಲಿಲ್ಲ. ಪಕ್ಕದಲ್ಲೇ ಸಾವ್ಕಾರನ ಗೋದಾಮಿನ ಕಟ್ಟೆ. ಗುರುಲಿಂಗಪ್ಪ ತೂಕಡಿಸುತ್ತ ಕೂತಿದ್ದವನು ನನ್ನನ್ನು ನೋಡಿ ಒಳಗಿನಿಂದ ನೀರು ತರಿಸಿ ಕೊಟ್ಟ.

"ಹೊರಗ ಹಾಕಿದ್ರೇನು?" ಎಂದ.

"ಹೌದು."

"ನಾ ಕೆಟ್ಟವ ಅಲ್ಲರಿ ಬಾಯಾರ. ಅವರು ನೀರ ಹೊಡದ್ರು ಅಂತ ನಾ ತೂಕ ಹೊಡದೆ. ನಾ ತೂಕ ಹೊಡದೆ ಅಂತ ಅವರು ನೀರ ಹೊಡದ್ರು. ಯಾರು ಮೊದಲ ಅಂತ ನಮ್ಮಪ್ಪಗೂ ಗೊತ್ತಿರಲಿಲ್ಲ." ಅವನು ಸಭೆಯ ಕಡೆ ನೋಡಿದ. "ತಳಕ್ಕ ಹಾಕ್ತಾರ ನೋಡ್ರಿ. ತಮ್ಮ ಅಂದಮ್ಯಾಲ ಆಕಿರ ಏನ ಮಾಡ್ಯಾಳು."

ಅವನು ಹೇಳಿದ್ದು ನಡೆಯದಿರಲಿ ಎಂದು ಹಲ್ಲು ಕಚ್ಚಿ ಕೂತಿದ್ದೆ. ನಡೆದರೂ ನಾನು ಎದ್ದು ಹೋಗಿ ತಡೆಯಬಾರದು ಎಂದೂ ಅಷ್ಟೇ ಗಟ್ಟಿಯಾಗಿ ಅಂದುಕೊಂಡಿದ್ದೆ. ಕಣ್ಣೆದುರು ಹೊಳೆಯ ಮೇಲೆ ಒಂದು ಎಲೆ ಹೋಗುತ್ತಿತ್ತು, ಹೋಗುತ್ತಿದೆಯೋ ಇಲ್ಲವೋ ಅನ್ನುವಷ್ಟು ನಿಧಾನವಾಗಿ.

ಸಭೆ ಮುಗಿದಾಗ ಜನ ನನ್ನ ಕಡೆ ಬರಲಿಲ್ಲ, ಓಣಿಗಳ ಕಡೆ ಚದುರಿದರು. ದ್ಯಾಮಣ್ಣ ಒಬ್ಬನೇ ತನ್ನ ಚೀಲಗಳನ್ನು ದೋಣಿಯಿಂದ ದೂರ ಎಳೆಯುತ್ತಿದ್ದ. ಅಷ್ಟರಲ್ಲಿ ಹುಲಿಗೆವ್ವ ಮನೆಯಿಂದ ಒಂದು ಮಣ್ಣಿನ ಗಡಿಗೆ ಹೊತ್ತು ತಂದಳು. ಅದರ ತುಂಬ ಮೆಣಸಿನಕಾಯಿ. ಆ ಊರಿನಲ್ಲಿ ಪ್ರತಿ ಮನೆಯವರೂ ಸುಗ್ಗಿಯ ಮೊದಲ ಕಾಯಿಯಲ್ಲಿ ಒಳ್ಳೆಯದನ್ನು ಆರಿಸಿ, ಖಡಕ್ಕಾಗಿ ಒಣಗಿಸಿ, ಇಡೀ ವರ್ಷದ ಅಡುಗೆಗೆ ಅಟ್ಟದ ಮೇಲೆ ಎತ್ತಿಡುತ್ತಿದ್ದರು. ಅವಳು ಗಡಿಗೆಯನ್ನು ಖಾಲಿ ಚೀಲಕ್ಕೆ ಸುರಿದಳು. ಹಿಂದೆಯೇ ಇನ್ನೊಬ್ಬಳು ಡಬ್ಬಿ ತಂದಳು, ಮತ್ತೊಬ್ಬ ಮುದುಕ ಪಂಚೆಯ ಗಂಟು. ಮಧ್ಯಾಹ್ನವಿಡೀ ಅಟ್ಟಗಳು ಇಳಿದು ಬಂದವು. ಗಲಗಲ ಸದ್ದು ಓಣಿ ಓಣಿಯಿಂದ ಘಟ್ಟೆಗೆ ಹರಿಯಿತು. ದ್ಯಾಮಣ್ಣನ ಹೆಂಡತಿ ಶಂಕ್ರವ್ವ ಕೂಡ ತಲೆಯ ಮೇಲೆ ಬುಟ್ಟಿ ಹೊತ್ತು ಗಂಡನ ಎದುರೇ ಹಾದು ಬಂದಳು. ಹುಲಿಗೆವ್ವ ಬುಟ್ಟಿಯನ್ನು ಕೆಳಗಿಳಿಸಿಕೊಳ್ಳಲಿಲ್ಲ. "ಈ ಸುಗ್ಗಿಗೆ ನಿಮ್ಮನಿ ಕಾಯಿ ಮುಟ್ಟಬಾರದಂತ ಠರಾವ ಐತಿ, ಶಂಕ್ರೀ," ಎಂದಳು. ಶಂಕ್ರವ್ವ ಬುಟ್ಟಿ ಮನೆಯಲ್ಲಿಟ್ಟು ಬಂದು ಬೇರೆಯವರ ಚೀಲ ಹೊಲಿಯಲು ಕೂತಳು. ಹೊತ್ತು ಇಳಿಯುವ ಮೊದಲು ದೋಣಿ ತುಂಬಿತು.

ಗುರುಲಿಂಗಪ್ಪ ಕಟ್ಟೆಯ ಮೇಲೆ ಎದ್ದು ನಿಂತು ಇದನ್ನೆಲ್ಲ ನೋಡಿದ. ಆಮೇಲೆ ಒಳಗೆ ಹೋದ.

ಬೆಳಕು ಹರಿಯುವಾಗ ದೋಣಿ ಬಿಡಲು ಅಣಿಯಾಯಿತು. ನೀರು ಎಳೆದುಕೊಂಡು ಹೋಗುವಷ್ಟು ಹರಿಯುತ್ತಿರಲಿಲ್ಲ, ಗಳ ಹಾಕಿ ನೂಕಲೇಬೇಕಿತ್ತು. ನಬೀಸಾಬ ಗಟ್ಟಿ ಆಳುಗಳನ್ನು ಆರಿಸುತ್ತಿದ್ದಾಗ ದ್ಯಾಮಣ್ಣ ಬಂದು ನಿಂತ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು. ಅವನು ನಬೀಸಾಬನನ್ನು ಕೇಳಲಿಲ್ಲ, ಅಕ್ಕನನ್ನು ಕೇಳಿದ.

"ನನ್ನ ಸರಕು ಬ್ಯಾಡ ಅಂತ ಠರಾವಿನ್ಯಾಗ ಐತಿ. ನಾ ಬ್ಯಾಡ ಅಂತ ಐತೇನು?"

ಹುಲಿಗೆವ್ವ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. "ಇಲ್ಲ," ಎಂದಳು.

ಅವನು ಒಂದು ಗಳ ಎತ್ತಿಕೊಂಡು ಮುಂಭಾಗಕ್ಕೆ ಹೋದ. ಸರಕಿನ ಜತೆ ಅಧ್ಯಕ್ಷರು ಬರಬೇಕು, ಗಿರಣಿಯವನ ಗುರುತಿಗೆ ನಾನೂ ಬರಬಹುದು ಎಂದು ತೀರ್ಮಾನವಾಗಿತ್ತು. ಚೀಲಗಳ ಮೇಲೆ ಕೂತು ನಾನು ದಂಡೆಯ ಮರಗಳು ಹಿಂದೆ ಸರಿಯುವುದನ್ನು ನೋಡುತ್ತಿದ್ದೆ. ಮಧ್ಯಾಹ್ನ ದಾಟುತ್ತಿದ್ದಂತೆ ಹೊಳೆ ನಿಂತೇ ಬಿಟ್ಟಿತು. ನೀರು ಕನ್ನಡಿಯಾಯಿತು, ಮೀನುಗಳು ಮೇಲೆ ಬಂದು ಬಾಯಿ ಬಿಟ್ಟವು. ಗಳ ತಳಕ್ಕೆ ತಾಗುವ ಸದ್ದು, ದ್ಯಾಮಣ್ಣನ ಉಸಿರು, ಮತ್ತೆ ಗಳದ ಸದ್ದು. ಸರದಿ ಬದಲಾಯಿಸಲು ನಬೀಸಾಬ ಕರೆದರೂ ಅವನು ಗಳ ಬಿಡಲಿಲ್ಲ. ಅಂಗೈ ಒಡೆದು ಗಳಕ್ಕೆ ರಕ್ತ ಹತ್ತಿತ್ತು. ಹುಲಿಗೆವ್ವ ಅದನ್ನು ನೋಡಿದಳು, ನೋಡಿ ತನ್ನ ಸೆರಗಿನ ತುದಿ ಹರಿದು ಅವನ ಪಕ್ಕ ಇಟ್ಟು ಬಂದಳು. ಕಟ್ಟಲಿಲ್ಲ. ಅವನೇ ಕಟ್ಟಿಕೊಂಡ.

ಸೂರ್ಯ ಇಳಿಯುವಾಗ ಪೇಟೆಯ ಘಟ್ಟೆ ಸಿಕ್ಕಿತು. ಗಿರಣಿಯವನು ಚೀಲಗಳಿಗೆ ಸಲಾಕೆ ಚುಚ್ಚಿ ನೋಡುತ್ತ ಬಂದ. ಅಟ್ಟದ ಕಾಯಿಯ ಚೀಲಗಳ ಹತ್ತಿರ ನಿಂತ. "ಇದೇನು, ತೊಟ್ಟು ಮುರಿದಿದೆ?"

ಅಡುಗೆಗೆ ಇಡುವ ಕಾಯಿಯ ತೊಟ್ಟನ್ನು ಮನೆಯಲ್ಲೇ ಬಿಡಿಸುತ್ತಾರೆ; ಅದಕ್ಕೆ ಗಿರಣಿಯವನು ತಕರಾರು ತೆಗೆದಾನು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಹುಲಿಗೆವ್ವ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು, ತಮ್ಮನ ಹೆಸರನ್ನೂ ಬಿಡದೆ. ಗಿರಣಿಯವನು ಒಂದು ಕಾಯಿ ಮುರಿದು ನಾಲಗೆಗೆ ಮುಟ್ಟಿಸಿದ. "ಬಣ್ಣ ಚೆನ್ನಾಗಿದೆ. ತೊಟ್ಟಿಲ್ಲದ್ದಕ್ಕೆ ಬೇಗ ಹುಳ ಬೀಳುತ್ತೆ, ಆ ಚೀಲಕ್ಕೆ ದರ ಕಡಿಮೆ ಕೊಡ್ತೀನಿ. ಉಳಿದದ್ದು ಮಾತಾಡಿದ ಹಾಗೆ," ಎಂದ. ಹುಲಿಗೆವ್ವ ಚೌಕಾಸಿ ಮಾಡಿದಳು, ಅವನು ಬಗ್ಗಲಿಲ್ಲ, ಅವಳು ಒಪ್ಪಿದಳು. ದೋಣಿ ಖಾಲಿಯಾಯಿತು. ಮರುದಿನ ಹೊಳೆ ಹೊರಳಿ ತೆಂಕಣಕ್ಕೆ ಹೊರಟಿತು, ನಾವು ಗಳ ಮುಟ್ಟದೆ ಊರಿಗೆ ಬಂದೆವು.

ಆ ವರ್ಷ ಊರಿನವರು ಸಪ್ಪೆ ಉಂಡರು. ಸಾರಿಗೆ ಕರಿಮೆಣಸು ಜಜ್ಜಿ ಹಾಕಿದರು, ರೊಟ್ಟಿಗೆ ಬೆಳ್ಳುಳ್ಳಿ ಕಡಿದುಕೊಂಡರು. ನೆಂಟರು ಬಂದರೆ ನಗುತ್ತಿದ್ದರು. ದ್ಯಾಮಣ್ಣನ ಕಾಯಿಯನ್ನು ಗುರುಲಿಂಗಪ್ಪ ತನ್ನ ದರಕ್ಕೆ ಕೊಂಡ. ಸಾವ್ಕಾರನಿಗೆ ಮಾರಿದವರಲ್ಲಿ ಕೆಲವರು ಷೇರು ಕೇಳಿಕೊಂಡು ಕಂಪನಿಗೆ ಬಂದರು. ವರ್ಷದ ಸರ್ವಸದಸ್ಯರ ಸಭೆಯಲ್ಲಿ ದ್ಯಾಮಣ್ಣ ಎದ್ದು ನಿಂತ. ಕ್ಷಮೆ ಕೇಳುತ್ತಾನೆ ಎಂದುಕೊಂಡಿದ್ದರು.

"ಮುಂದಿನ ಸುಗ್ಗಿಗೆ ಚೀಲ ನೋಡೂ ಕೆಲಸ ನನಗ ಕೊಡ್ರಿ," ಎಂದ. "ನೀರ ಎಲ್ಲಿ ಹೊಡೀತಾರ, ಹ್ಯಾಂಗ ಮುಚ್ಚತಾರ, ನನಗಿಂತ ಚೊಲೋ ಯಾರಿಗೂ ಗೊತ್ತಿಲ್ಲ."

ಗದ್ದಲವಾಯಿತು. ಮತಕ್ಕೆ ಹಾಕಿದರು. ಹುಲಿಗೆವ್ವ ಕೈ ಎತ್ತಲಿಲ್ಲ. ಆದರೂ ಅವನು ಗೆದ್ದ. ಇದನ್ನೆಲ್ಲ ನನಗೆ ಆಮೇಲೆ ನಬೀಸಾಬ ಹೇಳಿದ; ಸದಸ್ಯಳಲ್ಲದ ನಾನು ಹೊರಗೆ ಜಗಲಿಯಲ್ಲಿ ಕೂತಿದ್ದೆ.

ಮುಂದಿನ ಸುಗ್ಗಿಗೆ ನನ್ನ ಕೆಲಸ ಬೇರೆ ಊರಿನಲ್ಲಿತ್ತು. ಯಾರೂ ಕರೆದಿರಲಿಲ್ಲ, ನಾನೇ ರಜೆ ಹಾಕಿ ಬಸ್ಸು ಹತ್ತಿದೆ. ಘಟ್ಟೆಯಲ್ಲಿ ಚೀಲಗಳ ಸಾಲು ಹಿಂದಿನ ಸಲಕ್ಕಿಂತ ಉದ್ದವಿತ್ತು. ದ್ಯಾಮಣ್ಣ ಮೊದಲು ಬಿಚ್ಚಿಸಿದ್ದು ಅಕ್ಕನ ಚೀಲಗಳನ್ನು. ತಳದಿಂದ ಹಿಡಿ ತೆಗೆದು ಕಣ್ಣು ಮುಚ್ಚಿ ಆಲಿಸಿದ. ಒಂದು ಚೀಲವನ್ನು ಬದಿಗಿಟ್ಟ.

"ಅಕ್ಕಾ, ಇದರಾಗ ನೀರ ಐತಿ."

"ನಾ ನೀರ ಹೊಡದಿಲ್ಲ."

"ಹೊಡದಿಲ್ಲ. ಪೂರಾ ಒಣಗಿಲ್ಲ. ದೋಣಿಗೆ ಎರಡೂ ಒಂದ."

ಹುಲಿಗೆವ್ವ ಬಂದು ಆ ಚೀಲದಲ್ಲಿ ತಾನೂ ಕೈ ಹಾಕಿ ನೋಡಿದಳು. ಆಮೇಲೆ ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ತನ್ನ ಕಣದ ಕಡೆ ನಡೆದಳು. ನಾನು ಜತೆಗೆ ಹೋಗಿ ಕೈ ಕೊಡಲು ನೋಡಿದೆ, ತಲೆಯಾಡಿಸಿ ಬೇಡವೆಂದಳು. ಕಣದಲ್ಲಿ ಚೀಲ ಇಳಿಸಿ, ಕಾಯಿ ಹರವುವ ತಾಡಪತ್ರಿಯನ್ನು ಕೊಡವಿ, ಉಸಿರು ಬಿಟ್ಟಳು.

"ಹ್ವಾದ ಸಲ ನಾ ಅವಗ ಕೈ ಎತ್ತಲಿಲ್ಲ. ನಬೀಸಾಬ ಹೇಳಿರಬೇಕಲ್ಲ ನಿಮಗ?"

"ಹೇಳಿದ."

"ಈ ಸಲದ ಸಭಾದಾಗ ಚೀಲ ನೋಡೂ ಕೆಲಸಕ್ಕ ಅವನ ಹೆಸರ ನಾನ ಹೇಳತೀನಿ." ಅಷ್ಟು ಹೇಳಿ ತಾಡಪತ್ರಿಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. "ಹಿಡಕೋರಿ, ಎಳದ ಹಾಸೂಣು. ಬಿಸಲ ಇದ್ದಾಗ ಒಣಗಿ ಹೋಗಲಿ."